ಹೆಸರಿದ್ದ ಬೆಳ್ಳಿ

ಲಂಡನ್ನಿನ ಚಾನ್ಸರಿ ಲೇನ್ ವಕೀಲರ ಬೀದಿ. ಅಲ್ಲಿನ ಒಂದು ಸಾಧಾರಣ ಕಚೇರಿ ಕಟ್ಟಡದಲ್ಲಿ ಮೆಟ್ಟಿಲಿಳಿದು ಕೆಳಗೆ ಹೋದರೆ ಬ್ಯಾಂಕಿನ ಲಾಕರ್ ಕೋಣೆಗೆ ಬಂದೆವೇನೋ ಅನ್ನಿಸುತ್ತದೆ. ಕಿಟಕಿಯಿಲ್ಲದ ಉದ್ದನೆಯ ಓಣಿ, ಎರಡೂ ಬದಿಗೆ ಭಾರಿ ಉಕ್ಕಿನ ಬಾಗಿಲುಗಳು. ಬಾಗಿಲೊಳಗೆ ಇಣುಕಿದರೆ ನೆಲದಿಂದ ಸೂರಿನವರೆಗೂ ಬೆಳ್ಳಿ. ಚಹಾದ ಕೆಟಲುಗಳು, ದೀಪದ ಕಂಬಗಳು, ಸೂಪಿನ ಬೋಗುಣಿಗಳು, ಹಣ್ಣಿನ ಬುಟ್ಟಿಗಳು, ಉಪ್ಪಿನ ಪುಟ್ಟ ಬಟ್ಟಲುಗಳು. ಸುಮಾರು 30 ಅಂಗಡಿಗಳಿರುವ ಈ ನೆಲಮಾಳಿಗೆ ಪೇಟೆಯ ಹೆಸರು ಲಂಡನ್ ಸಿಲ್ವರ್ ವಾಲ್ಟ್ಸ್. ಹಳೆಯ ಬೆಳ್ಳಿ ಸಾಮಾನು ಕೂಡಿಡುವ ಹವ್ಯಾಸದವರು ಯಾವ ದೇಶದವರೇ ಆಗಲಿ, ಒಂದು ಸಲವಾದರೂ ಇಲ್ಲಿಗೆ ಬಂದು ಹೋಗಬೇಕು ಅಂದುಕೊಂಡಿರುತ್ತಾರೆ.

19ನೇ ಶತಮಾನದ ಕೊನೆಯ ಭಾಗದಲ್ಲಿ ಶುರುವಾದಾಗ ಇದು ಪೇಟೆಯಾಗಿರಲಿಲ್ಲ. ಸಿರಿವಂತರು ಮನೆಯ ಬೆಳ್ಳಿ, ಒಡವೆ, ಕಾಗದಪತ್ರ ಇಡಲು ಬಾಡಿಗೆಗೆ ಹಿಡಿಯುತ್ತಿದ್ದ ಭದ್ರ ಕೋಣೆಗಳಿವು. ಹತ್ತಿರದ ಹ್ಯಾಟನ್ ಗಾರ್ಡನ್ನಿನ ವ್ಯಾಪಾರಿಗಳೂ ತಮ್ಮ ಸರಕನ್ನು ಇಲ್ಲಿಡತೊಡಗಿದರು. ಗಿರಾಕಿ ಬಂದಾಗ ಹೊತ್ತುಕೊಂಡು ಮೇಲೆ ಹೋಗುವುದೇಕೆ, ಇಲ್ಲೇ ತೋರಿಸಿದರಾಯಿತು ಎಂದು ಕೋಣೆಗಳು ಅಂಗಡಿಗಳಾದವು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಮೇಲಿನ ಕಟ್ಟಡ ಹಾಳಾಯಿತು. ಕೆಳಗಿನ ಗೋಡೆಗಳು 1.2 ಮೀಟರ್ ದಪ್ಪ, ಅದಕ್ಕೆ ಉಕ್ಕಿನ ಒಳಪದರ ಬೇರೆ. ಒಳಗಿದ್ದದ್ದಕ್ಕೆ ಏನೂ ಆಗಲಿಲ್ಲ. 1953ರಲ್ಲಿ ಹೊಸ ಕಟ್ಟಡ ಎದ್ದಿತು. ಚರಿತ್ರೆ ಇಷ್ಟೇ. ಇದರಾಚೆಗೆ ಏನು ಕೇಳಿದರೂ ಅಂಗಡಿಯವರು ಹೇಳುವುದು ಒಂದೇ ಮಾತು: ಇಲ್ಲಿಯವರೆಗೆ ಒಂದು ಕಳವೂ ಆಗಿಲ್ಲ.

ನಾನು ಹೋದದ್ದು ಪೇಟೆ ನೋಡಲು ಅಲ್ಲ, 18ನೇ ಶತಮಾನದ ಒಬ್ಬ ವಿಧವೆಯ ಕೈಚಳಕ ನೋಡಲು. ಹೆಸರು ಹೆಸ್ಟರ್ ಬೇಟ್‌ಮನ್.

ಎಪ್ಪತ್ತು ದಾಟಿದ ಅಂಗಡಿಯವರೊಬ್ಬರು ಆಕೆಯ ಹೆಸರು ಕೇಳಿದ್ದೇ ಗಾಜಿನ ಪೆಟ್ಟಿಗೆಯಿಂದ ಒಂದು ಚಮಚ ತೆಗೆದರು. ಮುಂಭಾಗ ತೋರಿಸಲೇ ಇಲ್ಲ. ಬೋರಲು ಹಾಕಿ ನನ್ನ ಅಂಗೈ ಮೇಲಿಟ್ಟು, ಭೂತಗನ್ನಡಿ ಕೊಟ್ಟರು. “ಮೊದಲು ಬೆನ್ನು ಓದಿ. ಮುಖ ಆಮೇಲೆ.”

ಹಿಡಿಯ ತುದಿಯ ಹತ್ತಿರ ಐದು ಮುದ್ರೆಗಳಿದ್ದವು, ಒಂದೊಂದೂ ಅಕ್ಕಿಕಾಳಿಗಿಂತ ಚಿಕ್ಕದು. ಮುಂಗಾಲೆತ್ತಿ ನಡೆಯುವ ಸಿಂಹವೆಂದರೆ ನೂರಕ್ಕೆ 92.5 ಪಾಲು ಬೆಳ್ಳಿ ಎಂಬ ಖಾತರಿ. ಕಿರೀಟ ತೊಟ್ಟ ಚಿರತೆಯ ಮುಖವೆಂದರೆ ಒರೆ ಹಚ್ಚಿದ್ದು ಲಂಡನ್ನಿನಲ್ಲಿ. ಇಂಗ್ಲಿಷಿನ ಸಣ್ಣಕ್ಷರದ ಎಂ ಇದ್ದರೆ 1787. ದೊರೆಯ ತಲೆಯಿದ್ದರೆ ಸುಂಕ ಕಟ್ಟಿದ್ದಾಗಿದೆ. 1784ರಿಂದ 1890ರವರೆಗೆ ಈ ತಲೆ ಬಿದ್ದೇ ಬೀಳುತ್ತಿತ್ತು. ಕೊನೆಯದು ಕೂಡಕ್ಷರದಂತೆ ಬಳುಕಿಸಿ ಕೆತ್ತಿದ ಎಚ್ ಮತ್ತು ಬಿ. ಅದೇ ಹೆಸ್ಟರ್ ಬೇಟ್‌ಮನ್.

ವರ್ಷದ ಅಕ್ಷರ ಹೊಡೆಯುವ ಪದ್ಧತಿ ಲಂಡನ್ನಿನಲ್ಲಿ 1478ರಿಂದ ಇದೆ. ಮುಂದಿನವರು ವಸ್ತುವಿನ ವಯಸ್ಸು ತಿಳಿದುಕೊಳ್ಳಲಿ ಎಂಬ ಉದಾರಬುದ್ಧಿಯಿಂದ ಮಾಡಿದ್ದಲ್ಲ ಅದು. ಮಾಲು ಕಳಪೆ ಎಂದು ಗೊತ್ತಾದರೆ ಆ ವರ್ಷ ಯಾರ ಉಸ್ತುವಾರಿಯಲ್ಲಿ ಒರೆ ಹಚ್ಚಲಾಗಿತ್ತು ಎಂದು ಹುಡುಕಿ ಹಿಡಿಯುವುದಕ್ಕೆ. ಕಳ್ಳನನ್ನು ಹಿಡಿಯಲು ಹಾಕಿದ ಬಲೆಯಲ್ಲಿ ಐನೂರು ವರ್ಷಗಳ ಕಲಾ ಇತಿಹಾಸ ಸಿಕ್ಕಿಬಿದ್ದಿದೆ.

ಚಮಚದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. 1780ರ ಆಸುಪಾಸಿನವರೆಗೆ ಮುದ್ರೆಗಳನ್ನು ಹಿಡಿಯ ಬುಡದಲ್ಲಿ, ಬಟ್ಟಲಿನ ಹತ್ತಿರ ಹೊಡೆಯುತ್ತಿದ್ದರು. ಅಲ್ಲಿ ಹಿಡಿ ಸಪೂರ, ಮುದ್ರೆ ಬಿದ್ದರೆ ಅಪ್ಪಚ್ಚಿಯಾಗುತ್ತಿತ್ತು. ಆಕಾರ ಸರಿಪಡಿಸಲು ಮತ್ತೆ ಸುತ್ತಿಗೆ ಆಡಿಸಿದರೆ ಸಿಂಹ ಗುರುತೇ ಸಿಗದಷ್ಟು ಸೊಟ್ಟಗಾಗುತ್ತಿತ್ತು. ಆಮೇಲೆ ಅಗಲವಿರುವ ತುದಿಗೆ ಸರಿಸಿದರು. ಪಳಗಿದವರು ಅಕ್ಷರ ಓದುವ ಮೊದಲೇ, ಮುದ್ರೆ ಎಲ್ಲಿದೆ ಎನ್ನುವುದರಿಂದಲೇ ಚಮಚದ ಕಾಲವನ್ನು ಅಂದಾಜು ಮಾಡುತ್ತಾರೆ.

ಹೆಸ್ಟರ್ ಹುಟ್ಟಿದ್ದು 1708ರ ಸುಮಾರಿಗೆ. ಗಂಡ ಜಾನ್ ಬೇಟ್‌ಮನ್ ಚಿನ್ನದ ಸರಪಳಿ ಮಾಡುತ್ತಿದ್ದವನು. 1760ರಲ್ಲಿ ಕ್ಷಯದಿಂದ ತೀರಿಕೊಂಡ. ಉಯಿಲಿನಲ್ಲಿ ತನ್ನ ಹತಾರಗಳನ್ನು ಹೆಂಡತಿಗೆ ಬಿಟ್ಟುಹೋಗಿದ್ದ. ಐವತ್ತು ದಾಟಿದ ಹೆಂಗಸು, ಮೈತುಂಬ ಸಂಸಾರ, ಓದುಬರಹ ಬಾರದು. ಮರುವರ್ಷ, 1761ರ ಏಪ್ರಿಲ್‌ನಲ್ಲಿ, ಆಕೆ ಬೆಳ್ಳಿಗೆ ಒರೆ ಹಚ್ಚುವ ಗೋಲ್ಡ್‌ಸ್ಮಿತ್ಸ್ ಹಾಲಿಗೆ ಹೋಗಿ ತನ್ನ ಹೆಸರಿನ ಮುದ್ರೆ ನೋಂದಾಯಿಸಿದಳು. ಸ್ವಂತ ಹೆಸರನ್ನು ಬರೆಯಲು ಬಾರದವಳು ಬೆಳ್ಳಿಯ ಮೇಲೆ ತನ್ನ ಎರಡಕ್ಷರ ಒತ್ತಿದಳು.

ಬನ್‌ಹಿಲ್ ರೋ ಎಂಬಲ್ಲಿ ಮನೆಯೂ ಕಾರ್ಖಾನೆಯೂ. ಮೊದಲ ಹತ್ತು ಹನ್ನೆರಡು ವರ್ಷ ಬಹುಪಾಲು ಬೇರೆ ಅಂಗಡಿಯವರಿಗೆ ಮಾಡಿಕೊಟ್ಟ ಕೆಲಸ. 1770ರ ದಶಕದ ನಡುವಿನಿಂದ ಎಚ್‌ಬಿ ಮುದ್ರೆ ಎಲ್ಲೆಲ್ಲೂ ಕಾಣಿಸತೊಡಗುತ್ತದೆ. ಅಷ್ಟರಲ್ಲಿ ಒಂದು ಗಂಡಾಂತರ ಎದುರಾಗಿತ್ತು. ಶೆಫೀಲ್ಡಿನಲ್ಲಿ ತಾಮ್ರದ ಮೇಲೆ ಬೆಳ್ಳಿ ತಗಡು ಬೆಸೆದು ಅಗ್ಗದ ಸಾಮಾನು ಮಾಡುವ ವಿದ್ಯೆ 1740ರ ದಶಕದಲ್ಲೇ ಕೈಗೂಡಿತ್ತು. ಮಧ್ಯಮ ವರ್ಗದ ಮನೆಗಳು ಅತ್ತ ತಿರುಗಿದ್ದವು. ಹೆಸ್ಟರ್ ಅದಕ್ಕೆ ಎದುರಾಗಿ ಗಟ್ಟಿ ಬೆಳ್ಳಿಯನ್ನೇ ಅಗ್ಗ ಮಾಡಿದಳು. ಯಂತ್ರದಲ್ಲಿ ತೆಳ್ಳಗೆ ಒತ್ತಿದ ತಗಡು ಕೊಂಡಳು, ಕೈಯಲ್ಲಿ ತಟ್ಟುವ ಕೂಲಿ ಉಳಿಸಿದಳು, ಅಂಚಿಗೆ ಸಾಲು ಮಣಿಗಳ ಗೆರೆ ಹಾಕಿ, ಮೈಮೇಲೆ ಬೆಳಕಿಗೆ ಮಿಣುಗುವಂಥ ತೆಳು ಕೆತ್ತನೆ ಮಾಡಿಸಿದಳು. ತೂಕ ಕಡಿಮೆ, ಚೆಲುವಿಗೆ ಕೊರತೆಯಿಲ್ಲ. ಕೆಟಲು, ಹಾಲಿನ ಹೂಜಿ, ಸಾಸಿವೆ ಭರಣಿ, ಸಕ್ಕರೆ ಚಿಮುಟ, ಚಮಚ, ಮದ್ಯದ ಸೀಸೆಯ ಕೊರಳಿಗೆ ತೂಗುಹಾಕುವ ಪದಕ, ಯಾವುದನ್ನೂ ಬಿಡಲಿಲ್ಲ. 1790ರಲ್ಲಿ, ಎಂಬತ್ತು ದಾಟಿದ ಮೇಲೆ, ವ್ಯವಹಾರವನ್ನು ಮಕ್ಕಳಾದ ಪೀಟರ್ ಮತ್ತು ಜೊನಾಥನ್‌ಗೆ ಬಿಟ್ಟಳು. ಮರುವರ್ಷವೇ ಜೊನಾಥನ್ ಸತ್ತಾಗ ಅವನ ಹೆಂಡತಿ ಆ್ಯನ್ ಮೈದುನನ ಜೊತೆ ತನ್ನ ಮುದ್ರೆ ಒತ್ತಿದಳು. ಹೆಸ್ಟರ್ 1794ರಲ್ಲಿ ತೀರಿಕೊಂಡಳು.

ಆಕೆ ನಿಜವಾಗಿ ಸುತ್ತಿಗೆ ಹಿಡಿದಳೇ, ಇಲ್ಲ ಕಾರ್ಖಾನೆ ನಡೆಸಿದಳೇ ಎಂದು ಪಂಡಿತರಿಗೆ ಅನುಮಾನವಿದೆ. ಗಂಡಸರ ಕಾರ್ಖಾನೆಗಳ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಇಷ್ಟು ಆಸ್ಥೆಯಿಂದ ಕೇಳಿದ್ದನ್ನು ನಾನು ಕಂಡಿಲ್ಲ. ಒಂದಂತೂ ನಿಜ, ವಾಷಿಂಗ್ಟನ್ನಿನ ಮಹಿಳಾ ಕಲಾವಿದರ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಈಗ ಆಕೆಯ ಬೆಳ್ಳಿಗೆ ಜಾಗವಿದೆ. ಅದೇ ವರ್ಷದ, ಅದೇ ತೂಕದ ಇನ್ನೊಬ್ಬನ ಚಮಚಕ್ಕಿಂತ ಎಚ್‌ಬಿ ಚಮಚಕ್ಕೆ ಬೆಲೆ ಹೆಚ್ಚು.

ಬೆಲೆ ಬರುವುದು ಮುದ್ರೆಯಿಂದ ಎಂದಮೇಲೆ ಮೋಸವೂ ಅಲ್ಲೇ ಹುಟ್ಟುತ್ತದೆ. 1720ರಿಂದ 1758ರವರೆಗೆ ಇಂಗ್ಲೆಂಡಿನಲ್ಲಿ ಬೆಳ್ಳಿಗೆ ಔನ್ಸಿಗೆ ಆರು ಪೆನ್ನಿ ಸುಂಕವಿತ್ತು. ಕೆಲವು ಅಕ್ಕಸಾಲಿಗಳು ಒಂದು ಪುಟ್ಟ ತಟ್ಟೆಯನ್ನು ಒರೆಗೆ ಕಳಿಸಿ, ಮುದ್ರೆ ಬಿದ್ದ ತುಂಡನ್ನಷ್ಟೇ ಕತ್ತರಿಸಿ, ದೊಡ್ಡ ಹೂಜಿಯ ತಳಕ್ಕೆ ಬೆಸೆಯುತ್ತಿದ್ದರು. ಸುಂಕ ತಟ್ಟೆಯದು, ಮಾರಾಟ ಹೂಜಿಯದು. ಪತ್ತೆ ಹಚ್ಚುವ ಬಗೆಯನ್ನು ಅಂಗಡಿಯವರು ಮಾಡಿ ತೋರಿಸಿದರು. ಹೂಜಿಯೊಂದನ್ನು ಬೋರಲು ಹಾಕಿ, ಬಾಯಿ ಹತ್ತಿರ ತಂದು, ಹಾ ಎಂದು ಬಿಸಿಯುಸಿರು ಬಿಟ್ಟರು. ಬೆಳ್ಳಿ ಮಂಜಾಯಿತು. ಆ ಮಂಜಿನಲ್ಲಿ ಮುದ್ರೆಗಳ ಸುತ್ತ ಕೂದಲೆಳೆಯಷ್ಟು ಬೆಸುಗೆಯ ಗೆರೆಯೊಂದು ಕಾಣಿಸಿ, ಮಂಜಿನೊಡನೆ ಆರಿಹೋಯಿತು. ಅಷ್ಟು ಹಳೆಯ ಮೋಸ ಕಣ್ಣೆದುರು ಬಯಲಾದದ್ದು ನೋಡಿ ನನಗೆ ಖುಷಿಯೇ ಆಯಿತು ಅನ್ನಬೇಕು.

ಇಂಗ್ಲಿಷರ ಮೇಜಿನ ವಿಚಿತ್ರಗಳನ್ನು ಹೇಳುತ್ತ ಹೋದರೆ ಪುಟ ಸಾಲದು. ಮೂಳೆಯೊಳಗಿನ ಮಜ್ಜೆ ತೋಡಲು ಒಂದು ಉದ್ದನೆಯ ಸೌಟು. ಚಹಾದಲ್ಲಿ ತೇಲುವ ಎಲೆ ಸೋಸಲು ತೂತಿನ ಚಮಚ. ಜಾಯಿಕಾಯಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಬೇಕೆಂದಲ್ಲಿ ತುರಿದುಕೊಳ್ಳಲು ಬೆಳ್ಳಿಯ ಡಬ್ಬಿ. ಮೊಟ್ಟೆ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆಂದು ಮೊಟ್ಟೆ ಚಮಚಕ್ಕೆ ಚಿನ್ನದ ನೀರು. ಉಪ್ಪು ಬೆಳ್ಳಿಯನ್ನು ತಿನ್ನುತ್ತದೆಂದು ಉಪ್ಪಿನ ಬಟ್ಟಲೊಳಗೆ ನೀಲಿ ಗಾಜಿನ ಇನ್ನೊಂದು ಬಟ್ಟಲು. ಮುದ್ರೆಗಳ ವಿಷಯಕ್ಕೆ ಬಂದರೆ, ಬೇರೆ ದೇಶಗಳದು ಬೇರೆ ಭಾಷೆ. ಫ್ರಾನ್ಸಿನದಾದರೆ ಮಿನರ್ವಾ ದೇವತೆಯ ತಲೆ, ಜರ್ಮನಿಯದಾದರೆ ಅರ್ಧಚಂದ್ರ ಮತ್ತು ಕಿರೀಟ, ಹಳೆಯ ರಷ್ಯದ್ದಾದರೆ 84 ಎಂಬ ಅಂಕೆ. ಹೊಸಬರು ಎಡವುವುದು ಇ.ಪಿ.ಎನ್.ಎಸ್. ಎಂಬ ನಾಲ್ಕಕ್ಷರದ ಮುಂದೆ. ಹಳೆಯ ಮುದ್ರೆಗಳ ಸಾಲಿನಂತೆಯೇ ಕಂಡರೂ ಅದು ಬರೀ ಬೆಳ್ಳಿಯ ಗಿಲೀಟು.

ನಮ್ಮ ಬೆಳ್ಳಿಯೂ ಆ ನೆಲಮಾಳಿಗೆಯಲ್ಲಿತ್ತು. ಬ್ರಿಟಿಷ್ ಅಧಿಕಾರಿಗಳ ಮನೆಗೆಂದು ಭಾರತದಲ್ಲಿ ತಯಾರಾಗಿ, ಅವರ ಪೆಟ್ಟಿಗೆಗಳಲ್ಲಿ ಹಡಗು ಹತ್ತಿದ ಸಾಮಾನುಗಳು. ಕಛ್‌ನದಾದರೆ ಮೈತುಂಬ ಬಳ್ಳಿ, ಬಳ್ಳಿಯ ನಡುವೆ ಪ್ರಾಣಿಗಳು. ಕಾಶ್ಮೀರದ್ದಾದರೆ ಶಾಲಿನ ನೇಯ್ಗೆಯ ಚಿತ್ತಾರ. ಮದರಾಸಿನದಾದರೆ ಸಾಲು ಸಾಲು ದೇವರುಗಳು. ಅದಕ್ಕೆ ಸ್ವಾಮಿ ಬೆಳ್ಳಿ ಎಂದೇ ಹೆಸರು. ಕೆಟಲಿನ ಹೊಟ್ಟೆಯ ಮೇಲೆ ಗೋಪುರದಲ್ಲಿರಬೇಕಾದ ದೇವತೆಗಳು ಉಬ್ಬಿ ನಿಂತಿರುತ್ತಾರೆ, ಹಿಡಿ ಹಾವಿನದು. ದೊರೆಸಾನಿ ಅದರಿಂದ ಚಹಾ ಬಗ್ಗಿಸುತ್ತಿದ್ದಳು. ನಮ್ಮ ಮನೆಗಳಲ್ಲಿ ಯಾರೂ ಹಾಗೆ ಮಾಡಿಸಿಕೊಳ್ಳುತ್ತಿರಲಿಲ್ಲ.

ಇವುಗಳ ಬೆನ್ನು ಓದಿದರೆ ಬೇರೆಯೇ ಕಥೆ. ಕಡ್ಡಾಯ ಒರೆಮುದ್ರೆ ಇಲ್ಲಿರಲಿಲ್ಲವಾಗಿ ಇರುವುದು ಅಂಗಡಿಯ ಹೆಸರು ಮಾತ್ರ. ಮದರಾಸಿನದಕ್ಕೆ ಪಿ. ಓರ್ ಅಂಡ್ ಸನ್ಸ್, ಕಲ್ಕತ್ತೆಯದಕ್ಕೆ ಹ್ಯಾಮಿಲ್ಟನ್, ಬೆಂಗಳೂರು ದಂಡಿನದಕ್ಕೆ ಬಾರ್ಟನ್. ತಟ್ಟಿ ಉಬ್ಬಿಸಿದ ಕೈಯ ಹೆಸರಿಲ್ಲ. ಭುಜ್‌ನ ಊಮರ್ಸಿ ಮಾವ್ಜಿ ದೊಡ್ಡ ಅಪವಾದ. ಓ.ಎಂ. ಎಂಬ ಎರಡಕ್ಷರ ಒತ್ತುವ ಅಭ್ಯಾಸ ಆತನಿಗಿತ್ತು. ಇಂದು ಭಾರತದ ಬೆಳ್ಳಿ ಕೂಡಿಡುವವರು ಯಾವ ದೇಶದಲ್ಲಿದ್ದರೂ ಮೊದಲು ಹುಡುಕುವುದು ಆ ಓ.ಎಂ. ಅನ್ನು. ಅಷ್ಟೇ ಕುಶಲಿಗಳಾಗಿದ್ದ ಉಳಿದವರ ಕೆಲಸ ‘ಭಾರತದ್ದು, 1880ರ ಸುಮಾರು’ ಎಂಬ ಚೀಟಿಯ ಕೆಳಗೆ ಕೂತಿರುತ್ತದೆ.

ಹಳೆಯ ಬೆಳ್ಳಿಯ ಶತ್ರು ಕಳ್ಳನಲ್ಲ, ಮೂಸೆ. ಅಮೆರಿಕದ ಟೆಕ್ಸಸ್‌ನ ಹಂಟ್ ಸೋದರರು ಬೆಳ್ಳಿಯನ್ನೆಲ್ಲ ಬಾಚಿಕೊಳ್ಳಲು ಹೊರಟಿದ್ದರಿಂದ 1980ರ ಜನವರಿಯಲ್ಲಿ ದರ ಔನ್ಸಿಗೆ 50 ಡಾಲರಿನ ಹತ್ತಿರ ಮುಟ್ಟಿತು. ಇಂಗ್ಲೆಂಡ್, ಅಮೆರಿಕಗಳಲ್ಲಿ ಜನ ಕೆಟಲು, ತಟ್ಟೆಗಳನ್ನು ಚೀಲದಲ್ಲಿ ತುಂಬಿ ತಂದು ಸುರಿದರು. ತೂಕದ ಬೆಲೆ ಕಲೆಯ ಬೆಲೆಯನ್ನು ಮೀರಿತ್ತು. ಆಗ ತಂದೆಯ ಅಂಗಡಿಯಲ್ಲಿದ್ದ, ನನಗೆ ಚಮಚ ತೋರಿಸಿದ ಹಿರಿಯರಿಗೆ ಅದು ಚೆನ್ನಾಗಿ ನೆನಪಿದೆ. “ಯಾರ ಕೆಲಸ ಎಂದು ಗೊತ್ತಿದ್ದದ್ದನ್ನು ಪಕ್ಕಕ್ಕೆ ಎತ್ತಿಟ್ಟೆವು. ಗೊತ್ತಿಲ್ಲದ್ದು ಹೋಯಿತು.” ಮಾರ್ಚ್ ಕೊನೆಗೆ ದರ ನೆಲಕಚ್ಚಿತು. ಕರಗಿದ್ದು ಕರಗಿತ್ತು. 2025ರ ಅಕ್ಟೋಬರ್‌ನಲ್ಲಿ ದರ ಮತ್ತೆ ಏರಿ 50 ಡಾಲರ್ ದಾಟಿತು. ಮೇಲಾಗಿ ಹದಿನೆಂಟು ಜನ ಕೂತು ಉಣ್ಣುವ ಮೇಜು ಈಗ ಯಾವ ಮನೆಯಲ್ಲಿದೆ? ಬೆಳ್ಳಿ ಉಜ್ಜಲು ಆಳಿಲ್ಲ, ಉಜ್ಜಿದರೆ ಮುದ್ರೆಯೂ ಸವೆಯುತ್ತದೆ.

ಬೆಂಗಳೂರಿನ ನಗರ್ತಪೇಟೆಯಲ್ಲಿ, ಅವೆನ್ಯೂ ರಸ್ತೆಯಲ್ಲಿ ಹೀಗೆ ಕರಗಿಸುವುದು ಹೊಸ ಸಂಗತಿಯೇನಲ್ಲ. ಮದುವೆಗೊಂದು ಸಲ, ಗೃಹಪ್ರವೇಶಕ್ಕೊಂದು ಸಲ ನಾವು ಹಳೆಯದನ್ನು ಕೊಟ್ಟು ಹೊಸದನ್ನು ತರುತ್ತೇವೆ. ಸೊಟ್ಟಗಾದ ಪನ್ನೀರುದಾನಿ, ಮುಚ್ಚಳ ಕಳೆದ ಕುಂಕುಮದ ಭರಣಿ ತಕ್ಕಡಿ ಏರುತ್ತವೆ. ಬೆಸುಗೆಗೆಂದು ಒಂದಿಷ್ಟು ಕಳೆದು ಉಳಿದದ್ದಕ್ಕೆ ಲೆಕ್ಕ. 2025ರ ಸೆಪ್ಟೆಂಬರ್‌ನಿಂದ ನಮ್ಮಲ್ಲೂ ಬೆಳ್ಳಿಗೆ ಎಚ್‌ಯುಐಡಿ ಸಂಖ್ಯೆಯ ಹಾಲ್‌ಮಾರ್ಕ್ ಬಂದಿದೆ, ಕಡ್ಡಾಯವಲ್ಲ. ಅದು ಶುದ್ಧತೆಯನ್ನು ಹೇಳುತ್ತದೆ, ಒಳ್ಳೆಯದೇ. ಕೈಯನ್ನು ಹೇಳುವುದಿಲ್ಲ.

ನಮ್ಮ ಬೆಳ್ಳಿಯ ಮೇಲೆ ಹೆಸರೇ ಇಲ್ಲವೆಂದಲ್ಲ. ಚೊಂಬಿನ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊಟ್ಟವರ ಹೆಸರು, ತಾರೀಖು ಇರುತ್ತದೆ. ಊರಿಗೆ ಮರಳಿದ ಮೇಲೆ ನಮ್ಮ ಮನೆಯ ಪಂಚಪಾತ್ರೆಯನ್ನು ಬೋರಲು ಹಾಕಿ ನೋಡಿದೆ. ವಿಭೂತಿ ಹಾಕಿ ಉಜ್ಜಿ ಉಜ್ಜಿ ನುಣುಪಾದ ತಳದಲ್ಲಿ ಏನೂ ಇರಲಿಲ್ಲ. ಇದನ್ನು ಮಾಡಿದ್ದು ಯಾರು ಎಂದು ಸೋದರತ್ತೆಯನ್ನು ಕೇಳಿದೆ. ತೊಂಬತ್ತರ ಹತ್ತಿರದ ಅವರಿಗೆ ಎಲ್ಲ ನೆನಪಿತ್ತು: ದೇವಸ್ಥಾನದ ಹಿಂದಿನ ಬೀದಿ, ಜಗಲಿಯ ಮೇಲಿನ ಕುಲುಮೆ, ಕೊಟ್ಟ ಮಜೂರಿ, ಕೊಡುವುದು ತಡವಾಯಿತೆಂದು ಅಜ್ಜ ಮಾಡಿದ ಜಗಳ.

“ಹೆಸರೇನು ಅತ್ತೆ?”

“ಯಾರದು?”

“ಮಾಡಿಕೊಟ್ಟವರದು.”

“ಆಚಾರ್ರು ಕಣೋ,” ಎಂದರು ಅತ್ತೆ. “ಅವರಿಗಿನ್ನೇನು ಹೆಸರು?”