ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನ: ಸಿಬ್ಬಂದಿ ನಿರ್ವಹಣೆಯ ಪಾಠ ಮತ್ತು ಮೊದಲ ಉದ್ಯೋಗದ ದಾಖಲೆಗಳು

(ವಿದ್ಯಾರ್ಥಿಗಳು, ಪೋಷಕರು, ಉಪನ್ಯಾಸಕರು ಹಾಗೂ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಪದವಿ ಪೂರ್ವ ಶಿಕ್ಷಣದ ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ವರ್ಷದ ವ್ಯವಹಾರ ಅಧ್ಯಯನ ವಿಷಯವು ಯೋಜನೆ, ಸಂಘಟನೆ, ಸಿಬ್ಬಂದಿ ನಿರ್ವಹಣೆ, ನಿರ್ದೇಶನ ಮತ್ತು ನಿಯಂತ್ರಣ ಎಂಬ ಐದು ನಿರ್ವಹಣಾ ಕಾರ್ಯಗಳನ್ನು ಒಳಗೊಂಡಿದೆ. ಇವುಗಳ ಪೈಕಿ ಸಿಬ್ಬಂದಿ ನಿರ್ವಹಣೆಯ ಅಧ್ಯಾಯವೇ ಮಾನವ ಸಂಪನ್ಮೂಲ ವಿಷಯದ ಮೊದಲ ಪಾಠವಾಗಿರುತ್ತದೆ.

ಸದರಿ ಅಧ್ಯಾಯವನ್ನು ಸಾಮಾನ್ಯವಾಗಿ ಸಂಸ್ಥೆಯ ವ್ಯವಸ್ಥಾಪಕರ ದೃಷ್ಟಿಯಿಂದ ಬೋಧಿಸಲಾಗುತ್ತದೆ. ಯಾರನ್ನು ಹೇಗೆ ಆಯ್ಕೆ ಮಾಡಬೇಕು, ಹೇಗೆ ತರಬೇತಿ ನೀಡಬೇಕು ಎಂಬುದೇ ಪಾಠದ ವಸ್ತು. ಆದರೆ ಅದನ್ನು ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಹದಿನೆಂಟು ತುಂಬುತ್ತಿದ್ದಂತೆಯೇ ಅಂಗಡಿ, ಸಿದ್ಧ ಉಡುಪು ಕಾರ್ಖಾನೆ, ಲೆಕ್ಕಪರಿಶೋಧಕರ ಕಚೇರಿ ಅಥವಾ ಸರಕು ವಿತರಣಾ ಕೇಂದ್ರದಲ್ಲಿ ಉದ್ಯೋಗಿಗಳಾಗಿ ಸೇರುತ್ತಾರೆ. ಆಗ ಅವರು ಕುಳಿತುಕೊಳ್ಳುವುದು ಸಂದರ್ಶಕರ ಕುರ್ಚಿಯಲ್ಲಲ್ಲ, ಅದರ ಎದುರಿನ ಕುರ್ಚಿಯಲ್ಲಿ. ಆದುದರಿಂದ ಪಾಠದ ಪ್ರತಿಯೊಂದು ಹಂತವನ್ನೂ ಅದಕ್ಕೆ ಸಂಬಂಧಿಸಿದ ದಾಖಲೆಯನ್ನು ಕೈಯಲ್ಲಿ ಹಿಡಿದು ಬೋಧಿಸುವುದು ಸೂಕ್ತ. ಅದು ಹೇಗೆ ಮತ್ತು ಏಕೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ದಾಖಲೆಗಳ ಮಹತ್ವ

ಬಾಕಿ ವೇತನ, ಭವಿಷ್ಯ ನಿಧಿ, ವೈದ್ಯಕೀಯ ಸೌಲಭ್ಯ ಅಥವಾ ಉಪದಾನ ಕೋರಿ ಅರ್ಜಿ ಸಲ್ಲಿಸುವಾಗ ಮೊದಲು ಎದುರಾಗುವ ಪ್ರಶ್ನೆ ಎಂದರೆ, ಅರ್ಜಿದಾರರು ಆ ಸಂಸ್ಥೆಯಲ್ಲಿ ಕೆಲಸ ಮಾಡಿದ್ದಕ್ಕೆ ಆಧಾರವೇನು ಎಂಬುದು. ನೇಮಕಾತಿ ಆದೇಶವಾಗಲಿ ವೇತನ ಚೀಟಿಯಾಗಲಿ ಇಲ್ಲದಿದ್ದಲ್ಲಿ, ನ್ಯಾಯವಾದ ಹಕ್ಕೂ ಸಾಬೀತಾಗುವುದು ಕಷ್ಟ. ಈ ತೊಂದರೆಯು ಕಚೇರಿಯ ಕಿಟಕಿಯ ಮುಂದೆ ಹುಟ್ಟುವುದಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿಯೇ ಹುಟ್ಟಿರುತ್ತದೆ. ಅದನ್ನು ತಡೆಯಬಹುದಾದ ಸ್ಥಳ ತರಗತಿ.

3. ಪಾಠದ ಹಂತಗಳು ಮತ್ತು ಅವುಗಳಿಗೆ ಹೊಂದುವ ದಾಖಲೆಗಳು

ಪಠ್ಯದಲ್ಲಿ ಮಾನವಶಕ್ತಿಯ ಅಂದಾಜು, ನೇಮಕಾತಿ, ಆಯ್ಕೆ, ಸ್ಥಾನ ನಿಯೋಜನೆ ಮತ್ತು ಪರಿಚಯ, ತರಬೇತಿ ಮತ್ತು ಅಭಿವೃದ್ಧಿ, ಕಾರ್ಯಸಾಧನೆಯ ಮೌಲ್ಯಮಾಪನ, ಬಡ್ತಿ ಹಾಗೂ ಸಂಭಾವನೆ ಎಂಬ ಹಂತಗಳನ್ನು ನೀಡಲಾಗಿದೆ. ಇವುಗಳ ಪೈಕಿ ದಾಖಲೆಯ ದೃಷ್ಟಿಯಿಂದ ಮುಖ್ಯವಾದವುಗಳು ಈ ಕೆಳಕಂಡಂತಿವೆ.

(ಅ) ನೇಮಕಾತಿ: ಬಡ್ತಿ ಮತ್ತು ವರ್ಗಾವಣೆಗಳು ಆಂತರಿಕ ಮೂಲಗಳು; ಜಾಹೀರಾತು, ಉದ್ಯೋಗ ವಿನಿಮಯ ಕೇಂದ್ರ, ಕಾಲೇಜು ಆವರಣದ ಆಯ್ಕೆ, ಗುತ್ತಿಗೆದಾರರು ಮುಂತಾದವು ಬಾಹ್ಯ ಮೂಲಗಳು. ಸ್ಥಳೀಯ ದಿನಪತ್ರಿಕೆಯ ನಾಲ್ಕೈದು ಉದ್ಯೋಗ ಜಾಹೀರಾತುಗಳನ್ನು ತರಗತಿಗೆ ತಂದು, ಸಂಸ್ಥೆಯ ಹೆಸರು, ಹುದ್ದೆ, ಅರ್ಹತೆ ಮತ್ತು ವೇತನ ಸ್ಪಷ್ಟವಾಗಿವೆಯೇ ಎಂದು ಪರಿಶೀಲಿಸುವಂತೆ ವಿದ್ಯಾರ್ಥಿಗಳಿಗೆ ತಿಳಿಸಬಹುದು. ವಿಳಾಸವಿಲ್ಲದೆ ಮೊಬೈಲ್ ಸಂಖ್ಯೆ ಮಾತ್ರ ಇರುವ, ನೋಂದಣಿ ಶುಲ್ಕ ಅಥವಾ ಠೇವಣಿ ಕೇಳುವ ಜಾಹೀರಾತುಗಳನ್ನು ಗುರುತಿಸುವುದೂ ಈ ಪಾಠದ ಭಾಗವೇ. 2015ರಲ್ಲಿ ಆರಂಭವಾದ ರಾಷ್ಟ್ರೀಯ ವೃತ್ತಿ ಸೇವೆ ಜಾಲತಾಣದಲ್ಲಿ ಉದ್ಯೋಗಾಕಾಂಕ್ಷಿಗಳ ನೋಂದಣಿ ಉಚಿತವಾಗಿರುತ್ತದೆ.

(ಆ) ಆಯ್ಕೆ: ಪ್ರಾಥಮಿಕ ಪರಿಶೀಲನೆ, ಪರೀಕ್ಷೆ, ಸಂದರ್ಶನ, ಹಿನ್ನೆಲೆ ಪರಿಶೀಲನೆ, ವೈದ್ಯಕೀಯ ತಪಾಸಣೆ ಮತ್ತು ಉದ್ಯೋಗ ಒಪ್ಪಂದ ಈ ಹಂತದಲ್ಲಿ ಬರುತ್ತವೆ. ತರಗತಿಯಲ್ಲಿ ಅಣಕು ಸಂದರ್ಶನ ನಡೆಸುವಾಗ ಇಬ್ಬರು ವಿದ್ಯಾರ್ಥಿಗಳು ಪರಸ್ಪರ ಸ್ಥಾನ ಬದಲಿಸಿಕೊಳ್ಳುವುದು ಉತ್ತಮ. ವೇತನ ಸಂಹಿತೆ 2019ರ ಪ್ರಕಾರ ಒಂದೇ ಬಗೆಯ ಕೆಲಸಕ್ಕೆ ನೇಮಕ ಮಾಡಿಕೊಳ್ಳುವಾಗಲೂ ವೇತನ ನೀಡುವಾಗಲೂ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲ ಎಂಬುದನ್ನು ಇದೇ ಸಂದರ್ಭದಲ್ಲಿ ತಿಳಿಸತಕ್ಕದ್ದು.

(ಇ) ನೇಮಕಾತಿ ಆದೇಶ: ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ 1961ರ ಮೇರೆಗೆ ಉದ್ಯೋಗದಾತರು ನೇಮಕವಾದ 30 ದಿನಗಳೊಳಗೆ ಹೆಸರು, ಹುದ್ದೆ, ವೇತನ ಮತ್ತು ಷರತ್ತುಗಳನ್ನು ನಮೂದಿಸಿದ ಲಿಖಿತ ಆದೇಶವನ್ನು ನೀಡತಕ್ಕದ್ದು. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೂ ನೇಮಕಾತಿ ಪತ್ರ ನೀಡುವುದನ್ನು ಉದ್ಯೋಗದಾತರ ಕರ್ತವ್ಯವನ್ನಾಗಿ ಮಾಡಿದೆ. ಮಾದರಿ ಆದೇಶವೊಂದನ್ನು ವಿದ್ಯಾರ್ಥಿಗಳೇ ಬರೆದು, ನಂತರ ಅದನ್ನು ಉದ್ಯೋಗಿಯ ದೃಷ್ಟಿಯಿಂದ ಓದುವುದು ಉಪಯುಕ್ತ ಅಭ್ಯಾಸ. ಪರೀಕ್ಷಾರ್ಥ ಅವಧಿ ಎಷ್ಟು, ಕೆಲಸ ಬಿಡಲು ಎಷ್ಟು ದಿನಗಳ ಮುನ್ಸೂಚನೆ ಬೇಕು, ಮೂಲ ಅಂಕಪಟ್ಟಿಯನ್ನು ಒತ್ತೆಯಾಗಿ ಕೇಳಲಾಗಿದೆಯೇ ಎಂಬ ಅಂಶಗಳನ್ನು ಅವರು ತಾವಾಗಿಯೇ ಹುಡುಕುವಂತಾಗಬೇಕು.

(ಈ) ತರಬೇತಿ: ಶಿಶಿಕ್ಷು ತರಬೇತಿಯನ್ನು ಪಠ್ಯವು ಕೆಲಸದ ಸ್ಥಳದಲ್ಲಿ ನೀಡುವ ತರಬೇತಿಯ ವಿಧಾನಗಳಲ್ಲಿ ಸೇರಿಸಿದೆ. ಶಿಶಿಕ್ಷು ಅಧಿನಿಯಮ 1961ರ ಅಡಿಯಲ್ಲಿ ಒಪ್ಪಂದ ಮಾಡಿಕೊಂಡವರು ತರಬೇತಿದಾರರೇ ಹೊರತು ಕಾರ್ಮಿಕರಲ್ಲ. ಅವರಿಗೆ ದೊರೆಯುವುದು ವೇತನವಲ್ಲ, ಶಿಷ್ಯವೇತನ. ಆದುದರಿಂದ ಸಹಿ ಮಾಡುತ್ತಿರುವುದು ಶಿಶಿಕ್ಷು ಒಪ್ಪಂದಕ್ಕೋ ಅಥವಾ ನೇಮಕಾತಿ ಆದೇಶಕ್ಕೋ ಎಂಬುದನ್ನು ಓದಿಯೇ ಸಹಿ ಮಾಡತಕ್ಕದ್ದು.

4. ಸಂಭಾವನೆ: ವೇತನ ಚೀಟಿಯ ಲೆಕ್ಕ

ವಾಣಿಜ್ಯ ವಿದ್ಯಾರ್ಥಿಗಳಿಗೆ ಲೆಕ್ಕಶಾಸ್ತ್ರದ ಅಭ್ಯಾಸವಿರುವುದರಿಂದ ಸಂಭಾವನೆಯ ಭಾಗವನ್ನು ವೇತನ ಚೀಟಿಯ ಮೂಲಕ ಬೋಧಿಸುವುದು ಸುಲಭ. ಉದಾಹರಣೆಗೆ, 20ಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯೊಂದರಲ್ಲಿ ಒಬ್ಬರ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಮಾಸಿಕ 14,000 ರೂಪಾಯಿ ಎಂದೂ, ಬೇರೆ ಭತ್ಯೆಗಳಿಲ್ಲವೆಂದೂ ಭಾವಿಸಬಹುದು. ಭವಿಷ್ಯ ನಿಧಿಗೆ ಶೇ. 12ರ ದರವನ್ನೂ, ನೌಕರರ ರಾಜ್ಯ ವಿಮೆಗೆ 2019ರ ಜುಲೈನಿಂದ ನಿಗದಿಯಾದ ದರಗಳನ್ನೂ ಅನ್ವಯಿಸಿದರೆ ಲೆಕ್ಕ ಹೀಗಿರುತ್ತದೆ.

ನೌಕರರ ಭವಿಷ್ಯ ನಿಧಿ ವಂತಿಗೆ, ಶೇ. 12: ರೂ. 1,680
ನೌಕರರ ರಾಜ್ಯ ವಿಮೆ ವಂತಿಗೆ, ಶೇ. 0.75: ರೂ. 105
ಕೈಗೆ ಬರುವ ಮೊತ್ತ: ರೂ. 12,215
ಉದ್ಯೋಗದಾತರ ಭವಿಷ್ಯ ನಿಧಿ ವಂತಿಗೆ, ಶೇ. 12: ರೂ. 1,680
ಉದ್ಯೋಗದಾತರ ರಾಜ್ಯ ವಿಮೆ ವಂತಿಗೆ, ಶೇ. 3.25: ರೂ. 455
ಸಂಸ್ಥೆಗೆ ತಗಲುವ ಒಟ್ಟು ವೆಚ್ಚ: ರೂ. 16,135

ಈ ಲೆಕ್ಕದಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸಂದರ್ಶನದಲ್ಲಿ ಹೇಳುವ ಸಂಸ್ಥೆಯ ಒಟ್ಟು ವೆಚ್ಚವೂ ಕೈಗೆ ಬರುವ ಸಂಬಳವೂ ಒಂದೇ ಅಲ್ಲ. ಎರಡನೆಯದಾಗಿ, ಕಡಿತವಾದ 1,680 ರೂಪಾಯಿ ಕಳೆದುಹೋದ ಹಣವಲ್ಲ. ಅದು ನೌಕರರ ಖಾತೆಗೇ ಜಮೆಯಾಗುತ್ತದೆ. ಉದ್ಯೋಗದಾತರ ಶೇ. 12ರಲ್ಲಿ ಶೇ. 8.33 ಪಿಂಚಣಿಗೂ ಉಳಿದ ಶೇ. 3.67 ಭವಿಷ್ಯ ನಿಧಿಗೂ ಸೇರುತ್ತದೆ. ಮೂರನೆಯದಾಗಿ, ವೇತನ ಚೀಟಿಯಲ್ಲಿ ಕಡಿತ ತೋರಿಸಿದ ಮಾತ್ರಕ್ಕೆ ಹಣ ಜಮೆಯಾಗಿದೆ ಎಂದು ತಿಳಿಯಬಾರದು. ಭವಿಷ್ಯ ನಿಧಿಯ ಪಾಸ್‌ಪುಸ್ತಕವನ್ನು ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.

ಮೇಲಿನ 14,000 ರೂಪಾಯಿ ಲೆಕ್ಕದ ಅನುಕೂಲಕ್ಕಾಗಿ ತೆಗೆದುಕೊಂಡ ಮೊತ್ತ ಮಾತ್ರ. ಕನಿಷ್ಠ ವೇತನವು ಉದ್ಯೋಗ, ವಲಯ ಮತ್ತು ಕೌಶಲಕ್ಕೆ ಅನುಗುಣವಾಗಿ ಬೇರೆ ಬೇರೆಯಾಗಿರುತ್ತದೆ. ತಮ್ಮ ಊರಿನ ಒಂದು ಉದ್ಯೋಗದ ಚಾಲ್ತಿ ಅಧಿಸೂಚನೆಯನ್ನು ಹುಡುಕಿ, ಅದರ ಮೊತ್ತದಿಂದ ಇದೇ ಲೆಕ್ಕವನ್ನು ಪುನಃ ಮಾಡುವಂತೆ ವಿದ್ಯಾರ್ಥಿಗಳಿಗೆ ಸೂಚಿಸಬಹುದು.

5. ಪಠ್ಯದ ಜೊತೆಗೆ ತಿಳಿಸಬೇಕಾದ ಕಾನೂನಿನ ಬದಲಾವಣೆಗಳು

ಮಾನವ ಸಂಪನ್ಮೂಲ ವಿಭಾಗ ಎಂಬ ಹೆಸರು ಇತ್ತೀಚಿನದು. ಕಾರ್ಖಾನೆಗಳ ಅಧಿನಿಯಮ 1948ರಲ್ಲಿ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿಯನ್ನು ನೇಮಿಸಬೇಕೆಂದು ವಿಧಿಸಲಾಗಿತ್ತು. ಕಾಲಕ್ರಮೇಣ ಆ ಕೆಲಸಕ್ಕೆ ನೇಮಕಾತಿ, ತರಬೇತಿ ಮತ್ತು ಮೌಲ್ಯಮಾಪನದ ಹೊಣೆಗಳು ಸೇರಿದವು. ಹೊಸ ಸಂಹಿತೆಯಲ್ಲಿ ಈ ಮಿತಿಯನ್ನು 250ಕ್ಕೆ ಇಳಿಸಲಾಗಿದೆ. ಆ ಹುದ್ದೆಯ ಮೂಲದಲ್ಲಿ ಕಾರ್ಮಿಕರ ಕಲ್ಯಾಣವೇ ಇತ್ತೆಂಬುದು ವಿದ್ಯಾರ್ಥಿಗಳಿಗೆ ತಿಳಿದಿರುವುದು ಒಳ್ಳೆಯದು.

ನಾಲ್ಕು ಸಂಹಿತೆಗಳು 29 ಕೇಂದ್ರ ಕಾರ್ಮಿಕ ಕಾನೂನುಗಳ ಸ್ಥಾನದಲ್ಲಿ ಬಂದಿರುವುದರಿಂದ, ಹಳೆಯ ಟಿಪ್ಪಣಿಗಳನ್ನು ಬಳಸುವ ಉಪನ್ಯಾಸಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

(ಅ) ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ದಿನಾಂಕದೊಳಗೆ ಪಾವತಿಸಬೇಕು. ರಾಜೀನಾಮೆ ನೀಡಿದವರಿಗೆ ಅಥವಾ ಕೆಲಸದಿಂದ ತೆಗೆಯಲ್ಪಟ್ಟವರಿಗೆ ಎರಡು ಕೆಲಸದ ದಿನಗಳೊಳಗೆ ವೇತನ ಸಂದಾಯವಾಗಬೇಕು.

(ಆ) ಗ್ರಾಚ್ಯುಟಿ ಎಂದು ರೂಢಿಯಲ್ಲಿರುವ ಉಪದಾನವು ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆಯ ನಂತರ ದೊರೆಯುತ್ತದೆ. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಈಗ ಒಂದು ವರ್ಷದ ಸೇವೆಯ ಮೇಲೆ ಅರ್ಹತೆ ಇದೆ. ಮಾಸಿಕ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಉಪದಾನ ದೊರೆಯುತ್ತದೆ. 14,000 ರೂಪಾಯಿ ವೇತನಕ್ಕೆ ಇದು ಸುಮಾರು 8,077 ರೂಪಾಯಿ.

(ಇ) ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಅಧಿನಿಯಮ 2013 ಪ್ರತ್ಯೇಕ ಕಾನೂನಾಗಿಯೇ ಮುಂದುವರಿದಿದೆ. 10 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿ ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು.

6. ಪ್ರಾಯೋಗಿಕ ಕಾರ್ಯ

2023-24ನೇ ಸಾಲಿನಿಂದ ಪ್ರಾಯೋಗಿಕ ಪರೀಕ್ಷೆ ಇಲ್ಲದ ವಿಷಯಗಳಿಗೂ 20 ಅಂಕಗಳ ಆಂತರಿಕ ಮೌಲ್ಯಮಾಪನವನ್ನು ಅಳವಡಿಸಲಾಗಿದೆ. ಸಿಬ್ಬಂದಿ ನಿರ್ವಹಣೆಯ ಪಾಠಕ್ಕೆ "ನನ್ನ ಮೊದಲ ಉದ್ಯೋಗದ ಕಡತ" ಎಂಬ ಕಿರು ಯೋಜನೆಯನ್ನು ನೀಡುವುದು ಸೂಕ್ತ. ಪ್ರತಿ ವಿದ್ಯಾರ್ಥಿಯು ಒಂದು ಜಾಹೀರಾತು, ಅದಕ್ಕೆ ಸ್ವವಿವರದೊಂದಿಗೆ ಅರ್ಜಿ, ಮಾದರಿ ನೇಮಕಾತಿ ಆದೇಶ, ವೇತನ ಚೀಟಿ ಮತ್ತು ರಾಜೀನಾಮೆ ಪತ್ರ ಇವಿಷ್ಟನ್ನು ಸಿದ್ಧಪಡಿಸಿ ಕ್ರಮವಾಗಿ ಜೋಡಿಸಬೇಕು. ಇದಕ್ಕೆ ಖರ್ಚಿಲ್ಲ, ಕಂಪ್ಯೂಟರ್ ಕೂಡ ಅನಿವಾರ್ಯವಲ್ಲ.

ಮನೆಯಲ್ಲಿ ಅಂಗಡಿ ಅಥವಾ ಸಣ್ಣ ಘಟಕವಿರುವ ವಿದ್ಯಾರ್ಥಿಗಳು ಇದೇ ಕಡತವನ್ನು ಮಾಲೀಕರ ಕಡೆಯಿಂದ ಸಿದ್ಧಪಡಿಸಬಹುದು. ಕೆಲಸಗಾರರಿಗೆ ಆದೇಶ ಮತ್ತು ವೇತನ ಚೀಟಿ ನೀಡುವ ಮಾಲೀಕರಿಗೆ ವಿವಾದದ ಸಂದರ್ಭದಲ್ಲಿ ಅದೇ ರಕ್ಷಣೆ. ವೇತನ ಪಾವತಿಸಿದ್ದೇನೆಂದು ಸಾಬೀತುಪಡಿಸುವ ಹೊಣೆ ಉದ್ಯೋಗದಾತರದ್ದೇ ಆಗಿರುತ್ತದೆ.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೇಮಕಾತಿ ಆದೇಶ ನೀಡಿಲ್ಲ. ಬೇರೆ ಯಾವ ದಾಖಲೆಗಳು ಉಪಯೋಗಕ್ಕೆ ಬರುತ್ತವೆ?
ಉತ್ತರ: ವೇತನ ಜಮೆಯಾದ ಬ್ಯಾಂಕ್ ಪಾಸ್‌ಪುಸ್ತಕ, ಗುರುತಿನ ಚೀಟಿ, ಹಾಜರಾತಿಯ ಪ್ರತಿ, ಸಂಸ್ಥೆಯಿಂದ ಬಂದ ಸಂದೇಶಗಳು ಇತ್ಯಾದಿಗಳನ್ನು ಕಾಪಾಡಿಕೊಳ್ಳುವುದು. ಆದೇಶ ನೀಡುವಂತೆ ಲಿಖಿತವಾಗಿ ಕೋರಿ, ಆ ಪತ್ರದ ಪ್ರತಿಯನ್ನು ಇಟ್ಟುಕೊಳ್ಳುವುದು.

ಪ್ರಶ್ನೆ: ವೇತನ ಬಾಕಿ ಇದೆ. ಎಲ್ಲಿ, ಎಷ್ಟು ಕಾಲದೊಳಗೆ ಅರ್ಜಿ ಸಲ್ಲಿಸಬೇಕು?
ಉತ್ತರ: ಮೊದಲು ಆಯಾ ವ್ಯಾಪ್ತಿಯ ಕಾರ್ಮಿಕ ಇಲಾಖೆಯ ಕಚೇರಿಯನ್ನು ಸಂಪರ್ಕಿಸುವುದು. ವೇತನ ಸಂಹಿತೆಯ ಅಡಿಯಲ್ಲಿ ಹಕ್ಕು ಉಂಟಾದ ದಿನದಿಂದ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಿಸಲು ಅವಕಾಶವಿದೆ.

ಪ್ರಶ್ನೆ: ಭವಿಷ್ಯ ನಿಧಿಯ ಅರ್ಜಿ ಹೆಸರಿನ ವ್ಯತ್ಯಾಸದಿಂದ ತಿರಸ್ಕೃತವಾಗದಂತೆ ಏನು ಮಾಡಬೇಕು?
ಉತ್ತರ: ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್ ಮತ್ತು ಬ್ಯಾಂಕ್ ಖಾತೆಯಲ್ಲಿ ಹೆಸರು, ಇನಿಷಿಯಲ್ ಹಾಗೂ ಜನ್ಮ ದಿನಾಂಕ ಒಂದೇ ರೀತಿ ಇರುವುದನ್ನು ಕೆಲಸಕ್ಕೆ ಸೇರುವ ಮೊದಲೇ ಪರಿಶೀಲಿಸುವುದು. ಕಾಲೇಜಿನಲ್ಲಿರುವಾಗಲೇ ತಿದ್ದುಪಡಿ ಮಾಡಿಸಿಕೊಳ್ಳುವುದು ಅನುಕೂಲಕರ.

ಪ್ರಶ್ನೆ: ಕೆಲಸ ಬದಲಿಸಿದರೆ ಹೊಸ ಭವಿಷ್ಯ ನಿಧಿ ಸಂಖ್ಯೆ ಪಡೆಯಬೇಕೇ?
ಉತ್ತರ: ಅಗತ್ಯವಿಲ್ಲ. 2014ರಲ್ಲಿ ಜಾರಿಗೆ ಬಂದ ಸಾರ್ವತ್ರಿಕ ಖಾತೆ ಸಂಖ್ಯೆಯು ಉದ್ಯೋಗ ಬದಲಾದರೂ ಅದೇ ಆಗಿರುತ್ತದೆ. ಅದನ್ನು ಹೊಸ ಉದ್ಯೋಗದಾತರಿಗೆ ತಿಳಿಸುವುದು.

8. ಸೂಚನೆ

ವಂತಿಗೆಯ ದರಗಳು, ವೇತನ ಮಿತಿಗಳು ಮತ್ತು ನಿಯಮಗಳು ಸರ್ಕಾರದ ಅಧಿಸೂಚನೆಯ ಮೂಲಕ ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ, ಅರ್ಜಿ ಸಲ್ಲಿಸುವ ಮೊದಲು ಚಾಲ್ತಿಯಲ್ಲಿರುವ ಆದೇಶವನ್ನು ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ. ಪೋಷಕರು ತಮ್ಮ ಮಕ್ಕಳು ಮೊದಲ ಬಾರಿಗೆ ಕೆಲಸಕ್ಕೆ ಸೇರುವಾಗ ಸಂಬಳ ಎಷ್ಟು ಎಂದು ಕೇಳುವುದರ ಜೊತೆಗೆ, ಆದೇಶದ ಪ್ರತಿ ಕೊಟ್ಟಿದ್ದಾರೆಯೇ ಎಂದೂ ವಿಚಾರಿಸುವುದು.