ಸೂರಿನ ಅಂಚು, ಗೋಡೆಯ ಬುಡ

ಹಳ್ಳಿಯ ಮೇಲೆ ಡ್ರೋನ್ ಹಾರುವುದಕ್ಕೆ ಮೊದಲು ಬೀದಿಗೆ ಸುಣ್ಣ ಬೀಳುತ್ತದೆ. ಸರ್ವೆಯವರು, ಪಂಚಾಯಿತಿಯವರು, ಮನೆಯವರು ಜೊತೆಗೆ ನಿಂತು ಪ್ರತಿ ಜಾಗದ ಸುತ್ತ ಬಿಳಿ ಗೆರೆ ಹಾಕಿಸುತ್ತಾರೆ. ಮೇಲಿನಿಂದ ಹದ್ದು ಕಾಣಬೇಕಲ್ಲ. 2020ರ ಏಪ್ರಿಲ್ 24ರಂದು ಶುರುವಾದ ಕೇಂದ್ರದ ‘ಸ್ವಾಮಿತ್ವ’ ಯೋಜನೆಯ ಕೆಲಸ ನಡೆಯುವುದು ಹೀಗೆ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಹೊಲಕ್ಕೆ ಟಿಪ್ಪಣಿ, ಆಕಾರಬಂದ್, ಪಹಣಿ ಎಲ್ಲವೂ ಇವೆ. ಗ್ರಾಮಠಾಣದ ಮನೆಗೆ ಅಂಥ ಅಳತೆಯ ನಕ್ಷೆ ಬಹುಪಾಲು ಕಡೆ ಇರಲಿಲ್ಲ. ಹಳೆಯ ಕಂದಾಯ ಸರ್ವೆ 33 ಅಡಿಯ, 16 ಆಣೆಯ ಸರಪಳಿ ಹಿಡಿದು ತೆರಿಗೆ ಹುಟ್ಟುವ ನೆಲವನ್ನು ಗುಂಟೆಗುಂಟೆಯಾಗಿ ಅಳೆಯಿತು. ಊರನ್ನು ಒಂದು ಸುತ್ತುಗೆರೆಯೊಳಗೆ ಬಿಟ್ಟು ಮುಂದೆ ಹೋಯಿತು. ಆ ಖಾಲಿ ಜಾಗವನ್ನು ಈಗ ಫೋಟೊ ತುಂಬಬೇಕಾಗಿದೆ.

ಫೋಟೊದಿಂದ ಅಳೆಯುವ ವಿದ್ಯೆ ಹೊಸದಲ್ಲ. 1858ರಲ್ಲಿ ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ತರುಣ ಚರ್ಚಿನ ಗೋಡೆ ಅಳೆಯಲು ಹೋಗಿ ಮೇಲಿನಿಂದ ಬೀಳುವುದರಲ್ಲಿದ್ದ. ಹತ್ತಿ ಅಳೆಯುವ ಬದಲು ಫೋಟೊ ತೆಗೆದು ಅಳೆದರೇನು ಎಂದು ಅವನಿಗೆ ಹೊಳೆದದ್ದು ಆಗಲೇ. ಸೂತ್ರ ಇಂದಿಗೂ ಅದೇ. ಒಂದೇ ಚಿತ್ರದಲ್ಲಿ ದೂರ ತಿಳಿಯದು. ಅದೇ ಮೂಲೆಯನ್ನು ಎರಡು ಕಡೆಯಿಂದ ತೆಗೆದರೆ ಎರಡು ಚಿತ್ರಗಳಲ್ಲಿ ಅದು ಎಷ್ಟು ಸರಿದಿದೆ ಎಂಬುದರಿಂದ ಅದರ ಜಾಗ, ಎತ್ತರ ಎರಡೂ ಸಿಗುತ್ತವೆ. ಅದಕ್ಕೇ ಡ್ರೋನ್ ಒಂದು ಚಿತ್ರದ ಮುಕ್ಕಾಲು ಭಾಗವೋ ಅದಕ್ಕೂ ಹೆಚ್ಚೋ ಮುಂದಿನ ಚಿತ್ರದಲ್ಲೂ ಬರುವಂತೆ ತೆಗೆಯುತ್ತ ಸಾಗುತ್ತದೆ. ಹೊಂದಿಸುವ ಲೆಕ್ಕ ಕಂಪ್ಯೂಟರಿನದು.

8.8 ಮಿಲಿಮೀಟರ್ ಲೆನ್ಸು, 2.4 ಮೈಕ್ರಾನ್ ಪಿಕ್ಸೆಲ್ ಇರುವ ಕ್ಯಾಮೆರಾ 100 ಮೀಟರ್ ಎತ್ತರದಲ್ಲಿದ್ದರೆ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 2.7 ಸೆಂಟಿಮೀಟರ್. ಇದನ್ನು ಕೇಳಿ ಮರುಳಾಗಬೇಡಿ. ಚಿತ್ರ ಎಷ್ಟೇ ಸ್ಪಷ್ಟವಿದ್ದರೂ ಇಡೀ ನಕ್ಷೆಯೇ ಮೀಟರುಗಟ್ಟಲೆ ಆಚೀಚೆ ಕೂತಿರಬಹುದು. ಅದನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ನೆಲದ ಮೇಲೆ ಮೊದಲೇ ಅಳೆದಿಟ್ಟ ಗುರುತುಗಳು ಮತ್ತು ಸರ್ವೆ ಆಫ್ ಇಂಡಿಯಾದ ‘ಕೋರ್ಸ್’ ಕೇಂದ್ರಗಳು. ಇವು ಹಗಲಿರುಳು ಉಪಗ್ರಹದ ಸಂಕೇತ ಹಿಡಿದು, ಅದರಲ್ಲಿನ ತಪ್ಪು ಲೆಕ್ಕಹಾಕಿ ತಿದ್ದುಪಡಿ ಕಳಿಸುತ್ತವೆ. ಹೊಗಳಿಕೆಯೆಲ್ಲ ಡ್ರೋನಿಗೆ ಹೋಗುತ್ತದೆ, ಕೆಲಸದ ಅರ್ಧ ಇವುಗಳದು.

ತಕರಾರು ಹುಟ್ಟುವುದು ಸೂರಿನಲ್ಲಿ. ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಕಾಣುವುದು ಹೆಂಚಿನ ಅಂಚು. ಗೋಡೆಯ ಬುಡ ಒಂದೆರಡು ಅಡಿ ಒಳಗಿರುತ್ತದೆ. ಎರಡು ಮನೆಯ ಸೂರುಗಳು ಸಂದಿಯ ಮೇಲೆ ಹತ್ತಿರ ಬಂದಿದ್ದರೆ ಸಂದಿಯೇ ಚಿತ್ರದಲ್ಲಿ ಮಾಯ. ಮಲೆನಾಡಿನಲ್ಲಿ ಹಲಸು, ತೆಂಗು, ಅಡಿಕೆ ಅಂಗಳವನ್ನೇ ಮುಚ್ಚುತ್ತವೆ. ಒಂದೇ ಮಾಡಿನಡಿ ಪಾಲಾದ ಅಣ್ಣತಮ್ಮಂದಿರ ಮನೆ ಮೇಲಿನಿಂದ ಒಂದೇ ಮನೆ. ಇಂಥಲ್ಲಿ ಸರ್ವೆಯವರು ಟೇಪು ಹಿಡಿದು ಬೀದಿಗಿಳಿಯಲೇಬೇಕು, ನೆರೆಯವರನ್ನು ಕೇಳಲೇಬೇಕು. ಅಳೆಯುವುದರಲ್ಲಿ ಯಂತ್ರ ಗೆದ್ದಿದೆ; ಯಾರದ್ದು ಎಂದು ತೀರ್ಮಾನಿಸುವ ಕೆಲಸ ಅದಕ್ಕೆ ಬಾರದು.

ಆಸ್ತಿಯ ಕಾರ್ಡು ಕೈಗೆ ಬರುವ ಮುಂಚೆ ಕರಡು ನಕ್ಷೆ ತೋರಿಸುತ್ತಾರೆ, ಆಕ್ಷೇಪಣೆಗೆ ಅವಕಾಶವಿರುತ್ತದೆ. ಪಟ್ಟಣ ಸೇರಿದವರೂ ಒಮ್ಮೆ ಊರಿಗೆ ಹೋಗಿ ನೋಡಿ. ಗೆರೆ ಸೂರಿನ ಮೇಲಿದೆಯೋ ಗೋಡೆಯ ಮೇಲಿದೆಯೋ, ಸಂದಿ ಉಳಿದಿದೆಯೋ ಇಲ್ಲವೋ ಪರೀಕ್ಷಿಸಿ. ತಪ್ಪಿದ್ದರೆ ಬಾಯಿಮಾತಿನಲ್ಲಿ ಬಿಡಬೇಡಿ, ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.