ಕೋಡಿಯ ಮನೆಯ ಹೆಂಗಸರು

ಹಳೆಯ ಕಾದಂಬರಿಗಳ ಮಾತು ಬಂದಾಗ ನನ್ನ ವಾರಿಗೆಯವರು ‘ಅದೆಲ್ಲ ಓದಿಯಾಗಿದೆ’ ಎನ್ನುತ್ತಾರೆ. ಕಿರಿಯರು ‘ಪಠ್ಯದಲ್ಲಿ ಸ್ವಲ್ಪ ಇತ್ತು’ ಎನ್ನುತ್ತಾರೆ. ಎರಡೂ ಉತ್ತರಗಳು ಪುಸ್ತಕವನ್ನು ಕಪಾಟಿನಲ್ಲಿಯೇ ಉಳಿಸುತ್ತವೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ನಾನು ಇತ್ತೀಚೆಗೆ, ಬಹು ವರ್ಷಗಳ ಅನಂತರ, ಮತ್ತೆ ಓದಿದೆ. 1941ರ ಈ ಕೃತಿಯನ್ನು ಸಹೃದಯರು ಈಗಲೇ ಕೈಗೆತ್ತಿಕೊಳ್ಳಬೇಕೆಂದು ಹೇಳಲು ನನಗೊಂದು ನಿರ್ದಿಷ್ಟ ಕಾರಣವಿದೆ.

ಕೋಟದ ಸಮೀಪದ ಕಡಲಂಚಿನ ಕೋಡಿಯ ಪುರೋಹಿತ ರಾಮ ಐತಾಳರು, ಇಂಗ್ಲಿಷ್ ವಿದ್ಯೆಗೆಂದು ಹೊರಟು ಹಾಳಾದ ಮಗ ಲಚ್ಚ, ಪಟ್ಟಣಗಳನ್ನು ಸುತ್ತಿ, ಚಳವಳಿಯಲ್ಲಿ ಜೈಲು ಕಂಡು, ಕೊನೆಗೆ ಊರಿಗೆ ಹಿಂತಿರುಗುವ ಮೊಮ್ಮಗ ರಾಮ. ಹೀಗೆ ಮೂರು ತಲೆಮಾರುಗಳ ಕಥೆಯೆಂದು ಇದನ್ನು ಪರಿಚಯಿಸುವುದು ವಾಡಿಕೆ. ಶೀರ್ಷಿಕೆಯೂ ಮೊಮ್ಮಗನತ್ತಲೇ ಬೆರಳು ತೋರುತ್ತದೆ. ಆದರೆ ಮಣ್ಣಿಗೆ ಮರಳುವವನಿಗೆ ಮಣ್ಣೊಂದು ಉಳಿದಿರಬೇಕಲ್ಲ! ಅದನ್ನು ಉಳಿಸಿದವರು ಯಾರು?

ಐತಾಳರ ಹೆಂಡತಿ ಪಾರೋತಿ, ವಿಧವೆಯಾದ ತಂಗಿ ಸರಸೋತಿ, ಮುಂದೆ ಸೊಸೆ ನಾಗವೇಣಿ. ಗದ್ದೆಯ ಕೆಸರಿನಲ್ಲಿ ನಿಂತವರು, ಸೊಪ್ಪು ತರಗೆಲೆ ಹೊತ್ತವರು, ಮಳೆಗಾಲದ ನೆರೆಯಲ್ಲಿ ತೇಲಿಬರುವ ಕಟ್ಟಿಗೆಯನ್ನು ಹಿಡಿದು ದಡಕ್ಕೆಳೆದವರು ಇವರೇ. ಆ ದುಡಿಮೆಯನ್ನು ಕಾರಂತರು ಹೊಗಳುವುದಿಲ್ಲ, ಮರುಗುವುದೂ ಇಲ್ಲ; ಕೆಲಸದ ಮೇಲೆ ಕೆಲಸವನ್ನು ವರ್ಣಿಸುತ್ತ ಹೋಗುತ್ತಾರೆ. ಕೆಲವು ಓದುಗರಿಗೆ ಬೇಸರ ತರಿಸುವ ಈ ನಿಧಾನಗತಿಯೇ ಕಾದಂಬರಿಯ ಸತ್ವವೆಂದು ನನ್ನ ಅಭಿಪ್ರಾಯ. ಸಂಬಳವಿಲ್ಲದ, ಲೆಕ್ಕಕ್ಕೆ ಬಾರದ ದುಡಿಮೆಯನ್ನು ಇಷ್ಟು ಪ್ರಾಮಾಣಿಕವಾಗಿ ದಾಖಲಿಸಿದ ಕನ್ನಡ ಕಾದಂಬರಿಗಳು ವಿರಳ.

ಸರಸೋತಿಯನ್ನು ಗಮನಿಸಿ. ಗುಲ್ವಾಡಿ ವೆಂಕಟರಾಯರು 1899ರಷ್ಟು ಹಿಂದೆಯೇ ‘ಇಂದಿರಾಬಾಯಿ’ಯಲ್ಲಿ ತರುಣ ವಿಧವೆಗೆ ಮರುಮದುವೆ ಮಾಡಿಸಿದ್ದರು. ಅದು ಸುಧಾರಕನ ಧೈರ್ಯ. ಕಾರಂತರು ಸರಸೋತಿಗೆ ಅಂತಹ ಬಿಡುಗಡೆಯನ್ನು ಕೊಡುವುದಿಲ್ಲ. ಬದಲಾಗಿ ಆ ಮನೆಯ ವಿವೇಕವನ್ನೇ ಅವಳ ಕೈಗೆ ಕೊಡುತ್ತಾರೆ. ಯಾವುದು ಹೆಚ್ಚಿನ ನ್ಯಾಯವೆಂಬುದನ್ನು ಎರಡನ್ನೂ ಒಟ್ಟಿಗೆ ಓದಿ ತಾವೇ ನಿರ್ಧರಿಸಬಹುದು.

ನನ್ನನ್ನು ಬಹಳವಾಗಿ ಕಾಡಿದ್ದು ನಾಗವೇಣಿಯ ಪ್ರಸಂಗ. ಮಗನಲ್ಲಿ ವಿಶ್ವಾಸ ಕಳೆದುಕೊಂಡ ಐತಾಳರು ಆಸ್ತಿಯನ್ನು ಸೊಸೆಗೆ ಬರೆದಿಡುತ್ತಾರೆ. ಲಚ್ಚ ಒಲವಿನ ಸೋಗಿನಲ್ಲಿ ಬಂದು ಅದನ್ನೂ ಅವಳಿಂದ ಕಿತ್ತುಕೊಂಡು ಕರಗಿಸುತ್ತಾನೆ. ಅವಳಿಗೆ ಉಳಿಯುವುದು ಪಿಟೀಲು ಮತ್ತು ಮಗ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೂ ಇಡೀ ದೇಶದಲ್ಲಿ 2005ರಲ್ಲಿಯೂ ಜಾರಿಗೆ ಬಂತು. ಆದರೂ ಅಣ್ಣತಮ್ಮಂದಿರ ಪ್ರೀತಿಗೆ ಕಟ್ಟುಬಿದ್ದು, ‘ತವರು ತಪ್ಪಬಾರದು’ ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ವಿದ್ಯಾವಂತ ಸೋದರಿಯರನ್ನು ನಾನು ನೋಡಿದ್ದೇನೆ. ಅವರ ಹೆಸರಿಗೆ ಆಸ್ತಿ ಬರುವುದೂ, ಒಲವಿನ ದಾರಿಯಲ್ಲಿಯೇ ಅದು ಹೋಗುವುದೂ ಎಂಬತ್ತು ವರ್ಷಗಳ ಹಿಂದಿನ ಪುಟಗಳಲ್ಲಿ ಇಷ್ಟು ಸ್ಪಷ್ಟವಾಗಿದೆಯಲ್ಲ ಎಂದು ಪುಸ್ತಕ ಮಡಚಿ ಕುಳಿತೆ.

ಕೊರತೆಗಳಿಲ್ಲವೆಂದಲ್ಲ. ರಾಮನ ಚಳವಳಿಯ ಭಾಗ ಕೋಡಿಯ ಪುಟಗಳಷ್ಟು ಗಟ್ಟಿಯಾಗಿಲ್ಲ. ಸಮುದ್ರದ ಸದ್ದು ದೂರವಾದಂತೆ ಗದ್ಯವೂ ತೆಳುವಾಗುತ್ತದೆ.

ದಪ್ಪ ಪುಸ್ತಕಕ್ಕೆ ಅಂಜುವವರು 1933ರ ‘ಚೋಮನ ದುಡಿ’ಯಿಂದ ಆರಂಭಿಸಲಿ. ಅಲ್ಲಿಯೂ ಹಂಬಲ ಭೂಮಿಯದೇ, ಭಾರ ಮಾತ್ರ ಮಗಳು ಬೆಳ್ಳಿಯ ಮೇಲೆ. ನಾನಂತೂ ಈಗ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತೆರೆದಿದ್ದೇನೆ. ಏಳುನೂರಕ್ಕೂ ಮಿಕ್ಕ ಪುಟಗಳು. ನಾಯಿಗುತ್ತಿಯೂ ಅವನ ಹುಲಿಯನೂ ತಿಮ್ಮಿಯನ್ನು ಕರೆತರಲು ಹೊರಟಿದ್ದಾರೆ, ಮಳೆ ಇನ್ನೂ ಹಿಡಿದಿಲ್ಲ.